ಇಪ್ಪತ್ತೇಳನೆಯ ಪ್ರಾಂಪ್ಟ್

ಹನ್ನೊಂದು ಗಂಟೆಯ ಹೊತ್ತಿಗೆ ಪ್ರೇಮಲತಾ ಇಪ್ಪತ್ತಾರನ್ನು ಮುಗಿಸಿದ್ದಳು. ಇಪ್ಪತ್ತೇಳಕ್ಕೆ ಬಂದು ಕೈ ನಿಂತಿತು. ನಿಂತದ್ದು ತನಗೆ ಗೊತ್ತೇ ಆಗಲಿಲ್ಲ ಎಂಬಂತೆ ಎದ್ದು ಹೋಗಿ ದಿನಪತ್ರಿಕೆಗಳನ್ನು ಒಂದರ ಮೇಲೊಂದು ಸರಿಯಾಗಿಟ್ಟಳು, ಮಕ್ಕಳ ಕಪಾಟಿನ ಧೂಳು ಒರೆಸಿದಳು, ವಾಪಸು ಬಂದು ಕೂತು ಇಪ್ಪತ್ತೆಂಟಕ್ಕೆ ಹೋದಳು. ನಲ್ಲೂರಿನ ಪಂಚಾಯಿತಿ ಗ್ರಂಥಾಲಯದಲ್ಲಿ ಎರಡು ಕಂಪ್ಯೂಟರುಗಳಿವೆ, ಒಂದು ನಡೆಯುತ್ತದೆ. ಅದರ ಮುಂದೆ ಕೂತು ಅವಳು ಮೂರು ವರ್ಷಗಳಿಂದ ಊರವರ ಬೇಕು ಬೇಡಗಳನ್ನು ಎಐಗೆ ಹೇಳಿ ಬರೆಸಿಕೊಡುತ್ತಿದ್ದಾಳೆ. ಬೆರಳು ಸವೆದು ಹೆಬ್ಬೆಟ್ಟಿನ ಯಂತ್ರಕ್ಕೆ ಗುರುತು ಸಿಗದೆ ಪಿಂಚಣಿ ನಿಂತವರ ಅರ್ಜಿ, ಬೀದಿ ದೀಪದ ಅರ್ಜಿ, ನಿವೃತ್ತಿಯಾಗುವ ಮೇಷ್ಟರ ಬಗ್ಗೆ ಎರಡು ಮಾತು, ನಾಲ್ಕನೇ ಕ್ಲಾಸಿನ ಹುಡುಗಿಗೆ ಸ್ವಾತಂತ್ರ್ಯ ದಿನದ ಹತ್ತು ಸಾಲು, ಆಸ್ಪತ್ರೆಯ ಚೀಟಿಯಲ್ಲಿರುವುದನ್ನು ಮನೆಯವರಿಗೆ ತಿಳಿಯುವ ಹಾಗೆ ಹೇಳುವುದು. ಒಮ್ಮೆ ಚೆನ್ನಾಗಿ ಬಂದರೆ, ಯಂತ್ರಕ್ಕೆ ತಾನು ಹೇಳಿದ ಮಾತನ್ನು ಹಾಗೇ ಎತ್ತಿಟ್ಟುಕೊಳ್ಳುತ್ತಿದ್ದಳು, ಅದೇ ಕಷ್ಟ ಹೊತ್ತು ಮತ್ತೊಬ್ಬರು ಬಂದಾಗ ಬೇಕಾಗುತ್ತದೆಂದು. ಹಾಗೆ ಕೂಡಿದ ಪ್ರಾಂಪ್ಟುಗಳು ನಲವತ್ಮೂರು. ಇಷ್ಟು ದಿನ ಅವು ಅವಳ ಮೊಬೈಲಿನಲ್ಲಿ ತನಗೆ ತಾನೇ ಕಳಿಸಿಕೊಂಡ ಮೆಸೇಜುಗಳಾಗಿ, ಹಾಲಿನವನ ಲೆಕ್ಕ, ಅಕ್ಕನ ಮೊಮ್ಮಗನ ಫೋಟೋಗಳ ನಡುವೆ ಚೆಲ್ಲಿಕೊಂಡು ಬಿದ್ದಿದ್ದವು.

ಈಗ ಅವನ್ನು ಜೋಡಿಸಿ ಇವತ್ತು ಸಂಜೆ ಐದರೊಳಗೆ ಕಳಿಸಬೇಕು. ಹೋದ ತಿಂಗಳು ಚನ್ನಗಿರಿಯಲ್ಲಿ ಗ್ರಂಥಪಾಲಕರ ಸಭೆ ಆದಾಗ ಜಗಳೂರು ತಾಲ್ಲೂಕಿನ ಸೊಕ್ಕೆಯಿಂದ ಬಂದಿದ್ದ ರೇಣುಕಪ್ರಸಾದ್ ಎಲ್ಲರೆದುರಿಗೂ ಅವಳ ಮೊಬೈಲಿನಲ್ಲಿದ್ದ ಒಂದು ಪ್ರಾಂಪ್ಟನ್ನು ಓದಿ, ಇಂಥದ್ದು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಲ್ಲ ಕಡೆಯ ಗ್ರಂಥಾಲಯಕ್ಕೂ ಸಿಗಬೇಕು ಎಂದಿದ್ದ. ಓದಿದ್ದು ಇಪ್ಪತ್ತೇಳನೆಯದನ್ನೇ. ಅದು ತೀರಿಕೊಂಡವರ ನೆನಪಿನ ಕಾರ್ಡಿಗೆ ನಾಲ್ಕು ಮಾತು ಬರೆಸುವ ಪ್ರಾಂಪ್ಟ್. ಒಂದನೇ ಸಾಲಿಗೇ ಸಭೆ ನಕ್ಕಿತ್ತು. 'ನಮಸ್ಕಾರ. ದಯವಿಟ್ಟು ಅವಸರ ಮಾಡದೆ ಕೇಳಿ, ಆಮೇಲೆ ಬರೆಯಿರಿ' ಎಂದು ಅವಳು ಯಂತ್ರಕ್ಕೆ ಬರೆದಿದ್ದಳು, ಎಲ್ಲ ಪ್ರಾಂಪ್ಟಿಗೂ ಹಾಗೇ ಬರೆಯುತ್ತಾಳೆ. ಯಂತ್ರಕ್ಕೆ ನಮಸ್ಕಾರ ಯಾಕೆ ಮೇಡಂ, ಅದಕ್ಕೇನು ಕೈ ಐತಾ ವಾಪಸು ಮುಗಿಯಾಕೆ ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದ್ದರು. ಪ್ರೇಮಲತಾ ತಾನೂ ನಕ್ಕಳು, ಕಿವಿ ಮಾತ್ರ ಬಿಸಿಯಾಗಿತ್ತು. ಯಾವ ಓದನ್ನಾಗಲಿ ಕೈಮುಗಿದು ಶುರು ಮಾಡುತ್ತಿದ್ದ ತಾತನ ಮನೆಯಲ್ಲಿ ಬೆಳೆದವಳು, ಯಾರನ್ನಾದರೂ ಏನನ್ನಾದರೂ ಕೇಳುವ ಮೊದಲು ನಮಸ್ಕಾರ ಹೇಳದೆ ಇರುವುದು ಅವಳಿಗೆ ಬಾರದು. ಆದರೆ ಪ್ರಾಂಪ್ಟ್ ಮುಂದಕ್ಕೆ ಓದುತ್ತ ಹೋದಂತೆ ನಗು ತಾನೇ ಇಳಿದು, ಕೊನೆಗೆ ಯಾರೂ ಕೆಮ್ಮಲೂ ಇಲ್ಲ. ಅವತ್ತು ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಬರುವಾಗ ಅವಳಿಗಾದ ಸಂತೋಷ ಸಣ್ಣದಲ್ಲ. ಅಕ್ಕಿಯಲ್ಲಿ ಕಲ್ಲು ಸಿಕ್ಕಂತೆ ಒಂದು ವಿಚಾರ ಅಡ್ಡ ಬರುತ್ತಿತ್ತು, ಅದನ್ನು ನಾಲಿಗೆಯಿಂದ ಒಂದು ಬದಿಗೆ ತಳ್ಳಿ ಉಳಿದದ್ದನ್ನು ಉಂಡಳು.

ಜೋಡಿಸುವ ಕೆಲಸ ಅವಳಿಗೆ ಹಿಡಿಸಿತ್ತು. ಮೊದಲು ಅರ್ಜಿ, ಭಾಷಣ, ಕಾಗದ ಎಂದು ಮೂರು ಗುಂಪು ಮಾಡಿದಳು. ಆಸ್ಪತ್ರೆ ಚೀಟಿ ಮೂರಕ್ಕೂ ಸೇರಲಿಲ್ಲ, ಅದಕ್ಕೆ 'ತಿಳಿಸಿ ಹೇಳುವುದು' ಎಂದು ನಾಲ್ಕನೆಯ ಮನೆ ಕಟ್ಟಿದಳು. ಅದರಲ್ಲಿ 'ಹೆದರಿಸಬೇಡಿ, ಆದರೆ ಸುಳ್ಳನ್ನೂ ಹೇಳಬೇಡಿ' ಎಂಬ ಮಾತಿತ್ತು, ಅದನ್ನು ಬರೆದ ದಿನ ಉಚ್ಚಂಗೆಮ್ಮ ಎದುರಿಗೆ ಸೆರಗು ಕಚ್ಚಿಕೊಂಡು ಕೂತಿದ್ದು ನೆನಪಾಯಿತು. ಪ್ರಾಂಪ್ಟುಗಳಿಗೆ ಅವಳು ಇಟ್ಟಿದ್ದೆಲ್ಲ ಮೊದಲು ಕೇಳಿ ಬಂದವರ ಹೆಸರೇ, ಉಚ್ಚಂಗೆಮ್ಮನ ಚೀಟಿ, ನಾಗರಾಜನ ಟ್ರಾನ್ಸ್‌ಫಾರ್ಮರ್, ಅನಿತಾಳ ಹತ್ತು ಸಾಲು. ಈಗ ಹೆಸರು ತೆಗೆದು ಆ ಜಾಗದಲ್ಲಿ ಚುಕ್ಕಿ ಇಡಬೇಕು, ಯಾರು ಬೇಕಾದರೂ ತುಂಬಿಕೊಳ್ಳುವ ಹಾಗೆ. ಒಂದೊಂದು ಹೆಸರು ತೆಗೆದಾಗಲೂ ಪ್ರಾಂಪ್ಟ್ ಸ್ವಲ್ಪ ಹಗುರಾಗಿ ಮೇಲೇಳುತ್ತಿತ್ತು, ಬೆಳಿಗ್ಗೆ ಮಲಗಿದ್ದವರು ಎದ್ದ ಮೇಲೆ ಅಂಗಳದಿಂದ ಮಂಚ ಎತ್ತಿದಂತೆ. ನಾಗರಾಜನದರಲ್ಲಿ 'ನಮ್ಮ ಕಡೆ ಐತೆ ಅನ್ನುತ್ತಾರೆ, ಅರ್ಜಿಯಲ್ಲಿ ಇದೆ ಎಂದೇ ಬರೆಯಿರಿ' ಎಂದಿದ್ದನ್ನು ಕಂಡು ಒಬ್ಬಳೇ ನಕ್ಕಳು. ಇಪ್ಪತ್ತೇಳಕ್ಕೆ ಮಾತ್ರ ತೀರಿಕೊಂಡವರದೇ ಹೆಸರು, 'ದೊಡ್ಡಣ್ಣ ಮಾವ' ಎಂದಿತ್ತು.

ದೊಡ್ಡಣ್ಣ ತೀರಿಕೊಂಡು ವರ್ಷವಾಗುವಾಗ ಅವರ ಮಗಳು ಸಂಘಮಿತ್ರಾ, ಹೊನ್ನಾಳಿಯ ಹೈಸ್ಕೂಲಿನಲ್ಲಿ ಗಣಿತ ಹೇಳುವವಳು, ಕಾರ್ಡಿಗೆ ನಾಲ್ಕು ಮಾತು ಬೇಕೆಂದಿದ್ದಳು. ಪ್ರೇಮಲತಾ ಅವರ ಮನೆಗೇ ಹೋಗಿದ್ದಳು. ತಾಯಿ ಅಂಜಿನಮ್ಮ ಮೊದಲು ಏನೂ ಇಲ್ಲಮ್ಮ ಹೇಳಾಕೆ, ದುಡಿದ್ರು, ಹೋದ್ರು ಎಂದವರು, ಅಕ್ಕಿ ಆರಿಸುತ್ತ ಆರಿಸುತ್ತ ಮಧ್ಯಾಹ್ನದವರೆಗೆ ಹೇಳಿದ್ದರು. ಹೇಳಿದ್ದರಲ್ಲಿ ಒಂದು, ಎಲ್ಲಿ ಸಭೆಯಾಗಲಿ ಮದುವೆಯಾಗಲಿ ಹೊರಗೆ ಜನ ಬಿಟ್ಟ ಚಪ್ಪಲಿಗಳನ್ನು ದೊಡ್ಡಣ್ಣ ಜೋಡಿ ಜೋಡಿಯಾಗಿ, ಮೂತಿ ಹೊರಗೆ ಮಾಡಿ ಇಡುತ್ತಿದ್ದರು ಎಂಬುದು. ಹೊರಗೆ ಬಂದವರು ನೇರ ಕಾಲು ತೂರಿಸಿ ನಡೆಯಬಹುದು. ಯಾರೂ ಹೇಳಿದ್ದಲ್ಲ, ಯಾರೂ ನೋಡಿದ್ದೂ ಕಡಿಮೆ. ಪ್ರೇಮಲತಾ ಆ ಸಾಲನ್ನು ಪ್ರಾಂಪ್ಟಿನಲ್ಲಿ ಹಾಕಿ, ಇಂಥ ಒಂದು ಸಣ್ಣ ಕೆಲಸದ ಮೇಲೆ ಇಡೀ ಬರವಣಿಗೆ ನಿಲ್ಲಲಿ ಎಂದು ಕೇಳಿಕೊಂಡಿದ್ದಳು. ಕಾರ್ಡು ಬಂತು. ಸಂಘಮಿತ್ರಾ ಓದಿ ಕಾರ್ಡನ್ನು ಪರ್ಸಿನ ಒಳಗಿನ ಖಾನೆಯಲ್ಲಿ ಇಟ್ಟುಕೊಂಡಿದ್ದಳು. ಆಗಿನಿಂದ ಪ್ರತಿ ಶನಿವಾರ ಹೊನ್ನಾಳಿಯಿಂದ ಬಂದವಳು ತಾಯಿಯ ಮನೆಗೆ ಹೋಗುವ ಮೊದಲು ಗ್ರಂಥಾಲಯಕ್ಕೆ ಬಂದು ಅರ್ಧ ಗಂಟೆ ಕೂತು ಹೋಗುವುದು ರೂಢಿಯಾಯಿತು. ಐವತ್ತರ ಮೇಲೆ ಸಿಕ್ಕ ಗೆಳತಿ. ಹೆಚ್ಚು ಮಾತಿಲ್ಲ. ಒಬ್ಬಳು ಉತ್ತರ ಪತ್ರಿಕೆ ತಿದ್ದುತ್ತಾಳೆ, ಒಬ್ಬಳು ಪುಸ್ತಕಕ್ಕೆ ರಟ್ಟು ಹಾಕುತ್ತಾಳೆ.

ಎರಡು ತಿಂಗಳ ಹಿಂದೆ ಬಂಗಾರಪ್ಪನವರು ತೀರಿಕೊಂಡರು. ಊರಿನಲ್ಲಿ ಅರ್ಧ ಹೊಲ ಅವರದೇ, ಪಂಚಾಯಿತಿಯಲ್ಲಿ ಇಪ್ಪತ್ತು ವರ್ಷ ಕೂತವರು. ಕಾರ್ಡಿಗೆ ಮಾತು ಬೇಕೆಂದು ಮನೆಯವರು ಹೆಸರು, ವಯಸ್ಸು, ಮಕ್ಕಳ ಪಟ್ಟಿ ಕಳಿಸಿದ್ದರು. ಅವತ್ತು ಗ್ರಂಥಾಲಯದ ತಪಾಸಣೆ ಬೇರೆ. ಪ್ರೇಮಲತಾ ಇಪ್ಪತ್ತೇಳನ್ನು ತೆಗೆದು ಹೆಸರು ಬದಲಿಸಿ, ವಯಸ್ಸು ಬದಲಿಸಿ, ಚಪ್ಪಲಿಯ ಸಾಲು ಅಳಿಸುವುದನ್ನು ಮರೆತಳು. ಯಂತ್ರ ತನಗೆ ಹೇಳಿದ್ದನ್ನು ನಂಬಿತು. ಪ್ರಿಂಟು ಹಾಕಿ ಲ್ಯಾಮಿನೇಷನ್ ಮೆಷಿನ್ನು ಬಿಸಿಯಾಗುವಷ್ಟರಲ್ಲಿ ಬಂಗಾರಪ್ಪನವರ ಹೆಂಡತಿ ದುರುಗಮ್ಮ ತಾವೇ ಬಂದರು, ಓದು ತಾಯಿ ಎಂದರು, ಪ್ರೇಮಲತಾ ಗಟ್ಟಿಯಾಗಿ ಓದುತ್ತ ಓದುತ್ತ ಆ ಸಾಲಿಗೆ ಬಂದು ಎಡವಿದಳು. ಬಂಗಾರಪ್ಪನವರ ಚಪ್ಪಲಿಯನ್ನೇ ಇನ್ನೊಬ್ಬರು ಎತ್ತಿಡುತ್ತಿದ್ದರು, ಊರಿಗೆಲ್ಲ ಗೊತ್ತು. ಎಡವಿದವಳು ನಿಲ್ಲದೆ ಸಾಲನ್ನು ಕೊನೆಯವರೆಗೆ ಓದಿಬಿಟ್ಟಳು. ತಲೆ ಎತ್ತಿದರೆ ದುರುಗಮ್ಮ ಕಣ್ಣು ಒರೆಸಿಕೊಳ್ಳುತ್ತಿದ್ದರು. ಹೌದವ್ವ, ಹಂಗೇ ಇದ್ರು, ನಮಗೇ ಕಾಣ್ಲಿಲ್ಲ ಎಂದರು. ಆಗ ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ನೂರೈವತ್ತು ಕಾರ್ಡು ಊರಿಗೆ ಹಂಚಿಹೋದವು.

ಅಂದಿನಿಂದ ಶನಿವಾರ ಮಧ್ಯಾಹ್ನವಾದರೆ ಪ್ರೇಮಲತಾಗೆ ಪಂಚಾಯಿತಿ ಆಫೀಸಿನಲ್ಲಿ ಏನಾದರೂ ಕೆಲಸ ಇರುತ್ತಿತ್ತು. ಸಂಘಮಿತ್ರಾ ಬಂದು, ಮುಚ್ಚಿದ ಬಾಗಿಲು ನೋಡಿ ಹೋಗಿದ್ದಾಳೆಂದು ಪಕ್ಕದ ಅಂಗಡಿಯವರು ಹೇಳುವರು. ನಿನ್ನೆ ಮಾತ್ರ ಪ್ರೇಮಲತಾ ತಾನೇ ಫೋನು ಮಾಡಿ, ನಾಳೆ ಬಾ, ಒಂದು ಕೇಳಾದೈತೆ ಎಂದಿದ್ದಳು. ಅವರಪ್ಪನ ಮಾತಿರುವ ಪ್ರಾಂಪ್ಟನ್ನು ನಾಲ್ಕು ತಾಲ್ಲೂಕಿಗೆ ಕಳಿಸಲು ಅವಳ ಒಪ್ಪಿಗೆ ಬೇಕು. ಒಪ್ಪಿಗೆ ಕೇಳಬೇಕಾದರೆ ಇನ್ನೊಂದನ್ನೂ ಹೇಳಬೇಕು. ಅದನ್ನು ಹೇಳಿದ ಮೇಲೆ ಶನಿವಾರದ ಆ ಕುರ್ಚಿಯಲ್ಲಿ ಯಾರಾದರೂ ಕೂರುತ್ತಾರೆಯೇ ಎಂಬುದು ಅವಳಿಗೆ ತಿಳಿಯದು. ಚಪ್ಪಲಿಯ ಸಾಲು ತೆಗೆದು ಚುಕ್ಕಿ ಇಟ್ಟು ಕಳಿಸಿದರೆ ಕೇಳುವ ಕಷ್ಟವೇ ಇಲ್ಲ ಎಂದು ಮನಸ್ಸು ದಾರಿ ತೋರಿಸಿತು. ತೆಗೆದು ನೋಡಿದಳು. ಉಳಿದದ್ದು ಊರ ಎಲ್ಲ ಸತ್ತವರಿಗೂ ಸರಿಹೋಗುವ ಒಳ್ಳೆಯ ಮಾತು, ಯಾರದೂ ಅಲ್ಲ. ಮತ್ತೆ ಹಾಕಿದಳು.

ಹನ್ನೆರಡು ದಾಟಿತ್ತೇನೋ, ಬಾಗಿಲ ಹತ್ತಿರ ಸದ್ದಾಯಿತು. ದುರುಗಮ್ಮ. ಒಳಗೆ ಬಂದವರು ಕೂತು ಉಸಿರು ತೆಗೆದುಕೊಂಡು, ಕಾರ್ಡು ಇನ್ನೊಂದು ಬೇಕಿತ್ತಮ್ಮ, ನ್ಯಾಮತಿಯಲ್ಲಿರೋ ತಂಗಿ ಕೇಳ್ತಾಳೆ ಎಂದರು. ಪ್ರೇಮಲತಾ ಪ್ರಿಂಟು ಹಾಕಿದಳು. ಮೆಷಿನ್ನಿನ ಎರಡು ರೋಲರುಗಳ ನಡುವೆ ಕಾರ್ಡು ನಿಧಾನವಾಗಿ ಹೊರಬರುವಾಗ ಮುಖ ಎತ್ತದೆ ನಿಂತಿದ್ದಳು, ಈಗ ಹೇಳಲೇ, ಈಗ ಎಂದುಕೊಳ್ಳುತ್ತ. ಕಾರ್ಡಿನ ಬಿಸಿ ಆರುವ ಮೊದಲೇ ದುರುಗಮ್ಮ ಅದನ್ನು ಎದೆಗೊತ್ತಿಕೊಂಡು ಹೊರಟರು. ಹೊಸಿಲು ದಾಟಿದವರು ನಿಂತರು. ಮಂಡಿ ನೋವಿನ ಹೆಂಗಸು, ಗೋಡೆ ಹಿಡಿದು ಬಗ್ಗಿ, ಅಲ್ಲಿ ಬಿದ್ದಿದ್ದ ಪ್ರೇಮಲತಾಳ ಚಪ್ಪಲಿಗಳನ್ನು, ಪೇಪರು ಓದಲು ಬಂದಿದ್ದ ಇಬ್ಬರ ಚಪ್ಪಲಿಗಳನ್ನು ಒಂದೊಂದಾಗಿ ಜೋಡಿಸಿ, ಮೂತಿ ಹೊರಗೆ ತಿರುಗಿಸಿದರು. ಬಿಡ್ರಮ್ಮ, ನೀವ್ಯಾಕೆ ಎಂದು ಓಡಿ ಬಂದವಳಿಗೆ, ಇರ್ಲಿ ಬಿಡು, ಅವರು ಮಾಡ್ತಿದ್ದದ್ದು, ನಾನಾರೂ ಮಾಡ್ತೀನಿ ಎಂದರು.

ಪ್ರೇಮಲತಾ ಊಟದ ಡಬ್ಬಿ ಬಿಚ್ಚಿ ಮುಚ್ಚಿದಳು. ಆದರೆ ನಿಜ ಹೇಳಬೇಕೆಂದರೆ ಅವಳಿಗೆ ಅಷ್ಟು ದುಃಖವಾಗಿರಲಿಲ್ಲ, ಮತ್ತು ದುಃಖವಾಗದೆ ಇರುವುದೇ ತಪ್ಪಿನ ಹಾಗೆ ಅವಳನ್ನು ಚುಚ್ಚಿತು. ಕಿಟಕಿಯ ಬಿಸಿಲು ನೆಲದ ಮೇಲೆ ಬಂದು ಕೂತಿತ್ತು, ಫ್ಯಾನು ಒಂದೇ ಲಯದಲ್ಲಿ ಟಕ್ ಎನ್ನುತ್ತಿತ್ತು, ಆ ಲಯಕ್ಕೆ ತಾತನ ದನಿ ತಾನಾಗಿ ಬಂದು ಸೇರಿಕೊಂಡಿತು. ಶ್ರಾವಣದಲ್ಲಿ ಸಂಜೆಯ ದೀಪ ಹಚ್ಚಿದ ಮೇಲೆ ತಾತ ಗುಡಿಯಲ್ಲಿ ಓದಲು ಕೂರುವರು. ಪದ್ಯವನ್ನು ರಾಗದಲ್ಲಿ ಎತ್ತಿ, ಎತ್ತಿದ್ದನ್ನು ಕೆಳಗಿಡದೆ ಜನರ ಮುಖ ನೋಡುವರು. ಮುಂದಿನ ಸಾಲಿನಲ್ಲಿ ಕಾಲು ಮಡಚಿ ಕೂತ ಏಳು ವರ್ಷದ ಹುಡುಗಿಯ ಕಡೆಗೇ ನೋಡುತ್ತಿದ್ದರೆಂದು ಅವಳ ನಂಬಿಕೆ. ನನ್ನ ಓದನ್ನ ಇವಳಂಗೆ ಕೇಳಿದೋರು ಇಲ್ಲ ಎಂದು ಅವರು ಒಮ್ಮೆ ಯಾರಿಗೋ ಹೇಳಿದ್ದು ಅವಳ ಕಿವಿಗೆ ಬಿದ್ದಿತ್ತು. ಆ ಮಾತಿನ ಮೇಲೆ ಅವಳು ನಲವತ್ತೈದು ವರ್ಷ ಬದುಕಿದ್ದಾಳೆ. ಮದುವೆ ಕೂಡಿಬರದೆ ಹೋದಾಗ, ಅಪ್ಪ ಹೋದಾಗ, ಗ್ರಂಥಾಲಯದ ಕೆಲಸ ಕಾಯಂ ಆಗದೆ ಹನ್ನೆರಡು ವರ್ಷ ಕಾದಾಗ, ಕೇಳುವುದು ಒಂದು ಬರುತ್ತದಲ್ಲ ನನಗೆ ಎಂದುಕೊಂಡಿದ್ದಾಳೆ. ಜನ ಬಂದು ಕೂರುತ್ತಾರೆ, ಹೇಳುತ್ತಾರೆ, ಅವಳು ಕೇಳುತ್ತಾಳೆ, ಪ್ರಾಂಪ್ಟ್ ಅದರಿಂದ ತಾನಾಗಿ ಆಗುತ್ತದೆ. ಬಂಗಾರಪ್ಪನವರ ಮನೆಗೆ ಮಾತ್ರ ಅವಳು ಹೋಗಿರಲಿಲ್ಲ. ಯಾರನ್ನೂ ಕೇಳಿರಲಿಲ್ಲ.

ಮೂರೂವರೆಗೆ ಸಂಘಮಿತ್ರಾ ಬಂದಳು. ಬಸ್ಸಿನ ಧೂಳು ಮುಖದ ಮೇಲಿತ್ತು. ಯಾಕಕ್ಕ, ಪಂಚಾಯಿತಿ ಕೆಲ್ಸ ಎಲ್ಲಾ ಮುಗೀತಾ ಎಂದು ಕೇಳಿ, ಚೀಲದಿಂದ ಉತ್ತರ ಪತ್ರಿಕೆಗಳ ಕಟ್ಟು ತೆಗೆದು ತನ್ನ ಕುರ್ಚಿಯಲ್ಲಿ ಕೂತಳು. ಪ್ರೇಮಲತಾ ನೀರು ಕೊಟ್ಟಳು. ಹೇಗೆ ಶುರು ಮಾಡುವುದೆಂದು ಬೆಳಗಿನಿಂದ ನಾಲ್ಕು ರೀತಿ ಕಟ್ಟಿಕೊಂಡಿದ್ದಳು, ನಾಲ್ಕೂ ಮರೆತುಹೋಗಿ ಸುಮ್ಮನೆ ಬಂಗಾರಪ್ಪನವರ ಕಾರ್ಡನ್ನು ಮೇಜಿನ ಮೇಲಿಟ್ಟು, ಆದದ್ದನ್ನು ಆದ ಹಾಗೆ ಹೇಳಿದಳು. ಮರೆತದ್ದು, ಓದುವಾಗ ಕಂಡದ್ದು, ಕಂಡೂ ಸುಮ್ಮನಿದ್ದದ್ದು, ಎರಡು ತಿಂಗಳು ಬಾಗಿಲು ಮುಚ್ಚಿ ತಪ್ಪಿಸಿಕೊಂಡದ್ದು. ಸಂಘಮಿತ್ರಾ ಕೆಂಪು ಪೆನ್ನಿನ ಮುಚ್ಚಳ ಹಾಕಿದಳು.

"ಗೊತ್ತಕ್ಕ," ಎಂದಳು. "ಕಾರ್ಡು ನಮ್ಮ ಮನೇಗೂ ಬಂದಿತ್ತು. ನೀವು ಯಾವಾಗ ಹೇಳ್ತೀರಿ ಅಂತ ಕಾಯ್ತಿದ್ದೆ."

ಫ್ಯಾನು ಟಕ್ ಎಂದಿತು. ಪ್ರೇಮಲತಾಗೆ ಎದ್ದು ಹೊರಗೆ ಹೋಗಬೇಕೆನಿಸಿತು, ಹೋಗಲಿಲ್ಲ. ಸಭೆಯಲ್ಲಿ ಕಿವಿ ಬಿಸಿಯಾದದ್ದು ಇದರ ಮುಂದೆ ಏನೂ ಅಲ್ಲ. ಅಂಜಿನಮ್ಮ ಓದಿದರೇ ಎಂದು ಕೇಳಿದಳು.

"ನಾನೇ ಓದಿ ಹೇಳ್ದೆ. ಅವ್ವ ಇನ್ನೊಂದು ಸಲ ಓದು ಅಂದ್ಲು. ಆಮೇಲೆ ಒಂದೇ ಸಮ ನಕ್ಕಳು ನೋಡ್ರಿ. ಬಂಗಾರಪ್ಪನೋರು ಚಪ್ಲಿ ಜೋಡ್ಸಾಕೆ ಸಾಯಬೇಕಾಯ್ತಲ್ಲೇ ಅಂದ್ಲು."

ಹೇಳುತ್ತಾ ಸಂಘಮಿತ್ರಾಳೂ ನಕ್ಕಳು, ಪ್ರೇಮಲತಾಗೆ ತಡೆಯಲಾಗಲಿಲ್ಲ, ಪೇಪರು ಓದುತ್ತಿದ್ದವರು ತಿರುಗಿ ನೋಡುವಷ್ಟು ಇಬ್ಬರೂ ನಕ್ಕರು. ನಗು ನಿಂತ ಮೇಲೆ ಸಂಘಮಿತ್ರಾ ಪತ್ರಿಕೆಯ ಕಟ್ಟಿನ ದಾರವನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಹೇಳಿದಳು.

"ಅಪ್ಪ ಯಾಕೆ ಜೋಡಿಸ್ತಿದ್ದ ಅಂತ ನಿಮಗೆ ಹೇಳಿಲ್ಲ ನಾವು. ನಿಮ್ಮ ತಾತ ಗುಡೀಲಿ ಓದ್ತಿದ್ರಲ್ಲ, ಅಪ್ಪ ಹುಡುಗ ಆವಾಗ. ಚಪ್ಲಿ ಬಿಡೋ ಜಾಗದ ತಂಕ ಬರಬಹುದಿತ್ತು ನಮ್ಮ ಕೇರಿಯೋರು, ಅಷ್ಟೇ. ಸುಮ್ನೆ ನಿಂತ್ರೆ ಏನೋ ನಿಂದು ಇಲ್ಲಿ ಕೆಲ್ಸ ಅಂತ ಓಡಿಸ್ತಿದ್ರು. ಅದಕ್ಕೇ ಚಪ್ಲಿ ಜೋಡ್ಸೋದು. ಜೋಡಿಸ್ತಾ ಇದ್ರೆ ಯಾರೂ ಏನೂ ಅಂತಿರಲಿಲ್ಲವಂತೆ. ಓದು ಮುಗಿಯೋ ತನಕ ಜೋಡ್ಸೋದು, ಕೆಡ್ಸೋದು, ಜೋಡ್ಸೋದು. ಒಂದು ಪದ್ಯ ಬಿಡದಂಗೆ ಕಲಿತುಬಿಟ್ಟಿದ್ದ. ಬೌದ್ಧ ದೀಕ್ಷೆ ತಗೊಂಡ ಮೇಲೂ ಕೈ ಅಭ್ಯಾಸ ಹೋಗ್ಲಿಲ್ಲ. ಅದನ್ನ ನಾವೂ ವಿನಯ ಅಂದ್ವಿ, ನೀವೂ ಹಂಗೇ ಬರೆದ್ರಿ."

ಪ್ರೇಮಲತಾ ಕೇಳಿದಳು. ತಾತ ಪದ್ಯ ಎತ್ತಿ ಮುಖ ಎತ್ತುವರು, ಹುಡುಗಿ ಮುಂದೆ ಕೂತಿದ್ದಾಳೆ, ಅವಳ ತಲೆಯ ಮೇಲಿಂದ ಆ ನೋಟ ಬಾಗಿಲು ದಾಟಿ ಎಲ್ಲಿಗೆ ಹೋಗುತ್ತಿತ್ತು ಎಂದು ಅವಳು ಒಮ್ಮೆಯೂ ತಿರುಗಿ ನೋಡಿರಲಿಲ್ಲ. ಅವಳು ಕೂರುವ ಹೊತ್ತಿಗೆ ದೊಡ್ಡಣ್ಣ ಮೂವತ್ತರ ಗಂಡಸು, ಆಗಲೂ ಅಲ್ಲಿ ನಿಂತಿದ್ದರೋ ಏನೋ. ಓದು ಮುಗಿದು ಹೊರಗೆ ಬಂದಾಗ ತನ್ನ ಪುಟ್ಟ ಚಪ್ಪಲಿಗಳು ಯಾವಾಗಲೂ ಮೂತಿ ಹೊರಗೆ ಮಾಡಿಕೊಂಡು ಕಾದಿರುತ್ತಿದ್ದವೇ? ನೆನಪಿಸಿಕೊಳ್ಳಲು ನೋಡಿದಳು, ನೆನಪಿಗೆ ಬರಲಿಲ್ಲ. ನೆನಪಿಗೆ ಬಂತೆಂದು ಹೇಳಿಬಿಡುವ ಆಸೆಯಾಯಿತು, ಹೇಳಲಿಲ್ಲ. ಇಷ್ಟು ವರ್ಷ ತನ್ನದೆಂದು ಇಟ್ಟುಕೊಂಡಿದ್ದು ತನಗಿಂತ ಚೆನ್ನಾಗಿ ಹೊರಗೆ ನಿಂತವರೊಬ್ಬರಿಗೆ ಇತ್ತು ಎಂದು ತಿಳಿದಾಗ ನೋವಾಗಬೇಕಿತ್ತು, ಆಯಿತು ಕೂಡ. ಆದರೆ ಅದರ ಹಿಂದೆಯೇ, ತಾತನ ದನಿಯನ್ನು ಅಷ್ಟು ಬೇಕೆಂದು ಕೇಳಿದವರು ಇನ್ನೊಬ್ಬರಿದ್ದರಲ್ಲ ಎಂಬ ಸಮಾಧಾನ, ಒಂದೇ ಪಂಕ್ತಿಯಲ್ಲಿ ಉಂಡವರ ಮೇಲೆ ಬರುವಂಥ ಅಕ್ಕರೆ, ಮೆಲ್ಲಗೆ ಬಂದು ಕೂತಿತು. ಆ ಸಮಾಧಾನಕ್ಕೂ ತನಗೆ ಹಕ್ಕಿಲ್ಲವೇನೋ, ಪಂಕ್ತಿ ಒಂದೇ ಆಗಿರಲಿಲ್ಲವಲ್ಲ ಎಂದುಕೊಂಡಳು. ಅದನ್ನು ಬಾಯಿ ಬಿಟ್ಟು ಹೇಳಿದಳು. ಸಂಘಮಿತ್ರಾ ಹೌದು, ಆಗಿರಲಿಲ್ಲ ಎಂದಳು, ಕೋಪವಿಲ್ಲದೆ, ಲೆಕ್ಕದ ಉತ್ತರ ಸರಿ ಇದೆ ಎನ್ನುವಂತೆ.

ಆ ಪ್ರಾಂಪ್ಟನ್ನು ನಾಲ್ಕು ತಾಲ್ಲೂಕಿಗೆ ಕಳಿಸಲು ನಿನ್ನ ಒಪ್ಪಿಗೆ ಇದೆಯೇ, ದುರುಗಮ್ಮನಿಗೆ ಏನು ಹೇಳುವುದು ಎಂದು ಪ್ರೇಮಲತಾ ಕೇಳಿದಳು. ಇವತ್ತೇ ಬಂದಿದ್ದರು, ಹಿಂಗೆ ಬಗ್ಗಿ ಜೋಡಿಸಿದರು ಎಂದಳು.

"ನಂದೂ ಜೋಡ್ಸಿದ್ರು," ಎಂದಳು ಸಂಘಮಿತ್ರಾ. "ಹೋದ ವಾರ, ಗ್ರಾಮಸಭೆ ಮುಂದೆ. ಹೊರಗೆ ಬಂದು ನೋಡಿದ್ರೆ ನನ್ನ ಚಪ್ಲಿ ಹಿಡ್ಕಂಡು ಕುಂತವ್ರೆ, ಬಂಗಾರಪ್ಪನೋರ ಹೆಂಡ್ತಿ. ಒಂದು ನಿಮಿಷ ಕಾಲು ಹಾಕಾಕೆ ಆಗ್ಲಿಲ್ಲ ನಂಗೆ. ಅವರಿಗೆ ಹೇಳಬ್ಯಾಡ್ರಿ. ಸುಳ್ಳು ಈಗ ನಿಜ ಆಗಾಕೆ ಹತ್ತೈತೆ, ಆಗ್ಲಿ ಬಿಡ್ರಿ. ಆದ್ರೆ ಇನ್ನೊಬ್ಬರಿಗೆ ಇದನ್ನ ಕೊಡಬ್ಯಾಡ್ರಿ. ನಾಕು ತಾಲ್ಲೂಕಿನಾಗೆ ಸತ್ತೋರೆಲ್ಲ ಚಪ್ಲಿ ಜೋಡ್ಸಿದ್ರೆ ನಮ್ಮಪ್ಪ ಎಲ್ಲಿ ನಿಲ್ಲಬೇಕು?"

ಅವಳು ಪೆನ್ನಿನ ಮುಚ್ಚಳ ತೆಗೆದು ಪತ್ರಿಕೆ ತಿದ್ದಲು ಶುರು ಮಾಡಿದಳು. ಎದ್ದು ಹೋಗಲಿಲ್ಲ. ಪ್ರೇಮಲತಾ ಕಂಪ್ಯೂಟರಿಗೆ ಮುಖ ತಿರುಗಿಸಿ ಕೂತು, ಕಣ್ಣು ಮಂಜಾದದ್ದು ಕಾಣದ ಹಾಗೆ ಮೂಗು ಒರೆಸಿಕೊಂಡು, ಪಟ್ಟಿಯನ್ನು ಮೇಲಿನಿಂದ ಒಮ್ಮೆ ನೋಡಿದಳು. ಇಪ್ಪತ್ತೆಂಟನ್ನು ಇಪ್ಪತ್ತೇಳು ಮಾಡಿ ಮುಂದಿನವನ್ನೆಲ್ಲ ಒಂದೊಂದು ಮೇಲೆ ತಂದರೆ ಯಾರಿಗೂ ತಿಳಿಯುವುದಿಲ್ಲ. ಹಾಗೆ ಮಾಡಲಿಲ್ಲ. ಇಪ್ಪತ್ತೇಳರ ಎದುರಿಗೆ ಏನೂ ಬರೆಯದೆ, ನಲವತ್ಮೂರರವರೆಗೆ ಇದ್ದ ಹಾಗೇ ಬಿಟ್ಟು, ಐದಕ್ಕೆ ಇನ್ನೂ ಇಪ್ಪತ್ತು ನಿಮಿಷವಿರುವಾಗ ಕಳಿಸಿದಳು.

ಐದು ನಿಮಿಷಕ್ಕೆ ರೇಣುಕಪ್ರಸಾದನ ಮೆಸೇಜು ಬಂತು. ಧನ್ಯವಾದ ಹೇಳಿ, ಇಪ್ಪತ್ತೇಳು ಕಾಣುತ್ತಿಲ್ಲ ಮೇಡಂ, ಎಲ್ಲರೂ ಅದನ್ನೇ ಕೇಳುತ್ತಿದ್ದಾರೆ, ಬಿಟ್ಟುಹೋಗಿದೆಯೇನೋ ಎಂದಿದ್ದ. ಬಿಟ್ಟುಹೋಗಿಲ್ಲ, ಅದು ಒಬ್ಬರದು, ಕೊಡಲು ಬರುವುದಿಲ್ಲ ಎಂದು ಬರೆದಳು. ಹಾಗಾದರೆ ನಮ್ಮೂರಲ್ಲಿ ಯಾರಾದರೂ ತೀರಿಕೊಂಡರೆ ಏನು ಮಾಡುವುದು ಎಂದು ಬಂತು. ಅವರ ಮನೆಗೆ ಹೋಗಿ ಕೂತುಕೊಳ್ಳಿ, ಹೇಳುವುದನ್ನು ಕೇಳಿ ಎಂದು ಬರೆದಳು. ರೇಣುಕಪ್ರಸಾದ್ ಎಲ್ಲವನ್ನೂ ಗಂಟೆಯ ಲೆಕ್ಕದಲ್ಲಿ ಮಾಡುವ ಮನುಷ್ಯ. ಎಷ್ಟು ಹೊತ್ತು ಕೂರಬೇಕು ಮೇಡಂ ಎಂದು ಕೇಳಿದ.

ಪ್ರೇಮಲತಾ ಇದನ್ನು ಗಟ್ಟಿಯಾಗಿ ಓದಿ ಹೇಳಿದಳು. ಸಂಘಮಿತ್ರಾ ಪತ್ರಿಕೆಯಿಂದ ತಲೆ ಎತ್ತದೆ ನಕ್ಕು, ಹೇಳ್ರಿ ಈಗ ಎಂದಳು. ಪ್ರೇಮಲತಾ ಯೋಚಿಸಿದಳು. ಆಮೇಲೆ, ಎದ್ದು ಹೋಗಬೇಕು ಅನ್ನಿಸುವುದು ನಿಲ್ಲುತ್ತದಲ್ಲ, ಅಲ್ಲಿಂದ ಮುಂದೆ ಒಂದರ್ಧ ಗಂಟೆ, ಎಂದು ನಿಧಾನವಾಗಿ ಒಂದೊಂದೇ ಅಕ್ಷರ ಒತ್ತಿ ಕಳಿಸಿದಳು.